ನಾಲ್ಕನೇ ತರಗತಿಯ ತಾತ

ಮಾನ್ವಿ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಇದ್ದರು. ವಾರಕ್ಕೆರಡು ಸಲವಾದರೂ ನಾನು ರಾಯಚೂರಿನಲ್ಲಿ ಅವರ ಬಸ್ಸು ಹತ್ತುತ್ತಿದ್ದೆ. ಹೆಗಲಿಗೆ ಟೇಪ್ ರೆಕಾರ್ಡರಿನ ಚೀಲ, ಕೈಯಲ್ಲಿ ಊಟದ ಡಬ್ಬಿ. ಬಹಳ ದಿನ ನೋಡಿ ನೋಡಿ, ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟರು.

“ಮೇಡಂ, ನೀವು ಸಾಲ್ಯಾಗ ಕಲಸಂಗಿಲ್ಲ, ಸಾಲಿ ತಪಾಸಣಿನೂ ಮಾಡಂಗಿಲ್ಲ. ಮತ್ತ ದಿನಾ ಹೋಗಿ ಏನ್ ಮಾಡ್ತೀರಿ?”

“ಮಾಸ್ತರು ಏನ್ ಕೇಳ್ತಾರ, ಹುಡುಗುರು ಏನ್ ಹೇಳ್ತಾರ, ಅದನ್ನ ಬರಕೋತೀನ್ರಿ.”

“ಅಷ್ಟ?”

“ಅಷ್ಟ ರೀ.”

“ಅದಕ್ಕೂ ಪಗಾರ ಕೊಡ್ತಾರೇನ್ರೀ?”

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಅವರು ಟಿಕೆಟ್ ಹರಿದು ಕೊಡುತ್ತಾ, “ಚಲೋ ನೌಕರಿ ಬಿಡ್ರಿ” ಎಂದರು. ಇಡೀ ಸೇವೆ ಮುಗಿಸಿ ಮನೆಯಲ್ಲಿ ಕುಳಿತ ಮೇಲೆ ನನಗೂ ಅನ್ನಿಸುತ್ತದೆ, ಚಲೋ ನೌಕರಿಯೇ.

ಶೈಕ್ಷಣಿಕ ಮನೋವಿಜ್ಞಾನ ಓದಿ ಈ ಕಡೆಗೆ ಬರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಲೇಖನ ಎಲ್ಲಿಗೆ ಕಳಿಸಬೇಕು, ಪ್ರಾಧ್ಯಾಪಕರಾಗಲು ಎಷ್ಟು ಅಂಕ ಕೂಡಿಸಬೇಕು ಎಂದು ಕೇಳುತ್ತಾರೆ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಚಹಾ ಮಾಡಿಕೊಟ್ಟು ಬೇರೆ ಕತೆ ಶುರು ಮಾಡುತ್ತೇನೆ. ಪಾಪ, ಚಹಾ ಕುಡಿದ ತಪ್ಪಿಗೆ ಕೇಳಿಸಿಕೊಳ್ಳುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮಗೆಲ್ಲ ಬುದ್ಧಿಶಕ್ತಿ ಅಳೆಯುವ ಹುಚ್ಚು. ಹೊರದೇಶದ ಯಾವುದೋ ಪರೀಕ್ಷೆಯನ್ನು ಯಾರೋ ಕನ್ನಡಕ್ಕೆ ತಂದಿದ್ದರು. ನಾವು ಅದನ್ನು ಹೊತ್ತುಕೊಂಡು ಊರೂರು ತಿರುಗುತ್ತಿದ್ದೆವು. ಅದರಲ್ಲಿ ಒಂದು ಪ್ರಶ್ನೆ ಇತ್ತು: ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದಾಗ ಗುರುತಿಲ್ಲದವರು ಬಾಗಿಲು ಬಡಿದರೆ ಏನು ಮಾಡುವೆ? ಬಾಗಿಲು ತೆಗೆಯುವುದಿಲ್ಲ ಎಂದರೆ ಪೂರ್ತಿ ಅಂಕ. ಮಾನ್ವಿ ಹತ್ತಿರದ ಶಾಲೆಯೊಂದರಲ್ಲಿ ಒಬ್ಬ ಹುಡುಗಿಗೆ ಇದನ್ನು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

“ನಮ್ಮ ಮನಿ ಬಾಗಲಾ ಹಾಕಂಗಿಲ್ರೀ.”

“ಹಾಕಿರ್ತದ ಅಂತ ತಿಳ್ಕೊ.”

“ತೆಗದು ನೀರು ಕೊಡ್ತೀನ್ರಿ. ಬಿಸಲಾಗ ಬಂದಿರ್ತಾರಲ್ರೀ.”

ಉತ್ತರದ ಕೀಲಿಯ ಪ್ರಕಾರ ಇದಕ್ಕೆ ಸೊನ್ನೆ. ಆ ಊರಿನ ಎಲ್ಲ ಮಕ್ಕಳೂ ಸೊನ್ನೆ ಹೊಡೆದರು. ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ವಿರುಪಾಕ್ಷಪ್ಪ ಸರ್ ಆ ಸೊನ್ನೆಗಳನ್ನೆಲ್ಲ ಕೂಡಿಸಿ, ಭಾಗಿಸಿ, ‘ಸಾಮಾಜಿಕ ವಿವೇಚನೆಯ ಕೊರತೆ’ ಎಂದು ಒಂದು ತಲೆಬರಹ ಕೊಟ್ಟರು. ಸರ್ ಮನುಷ್ಯ ಬಂಗಾರ. ಆದರೆ ತಲೆಬರಹ ಕಂಡರೆ ಅವರಿಗೆ ಮೈಮರೆವು. ಮೊದಲು ತಲೆಬರಹ ಹೊಳೆಯುತ್ತಿತ್ತು, ಆಮೇಲೆ ಅದಕ್ಕೆ ತಕ್ಕ ಸಂಶೋಧನೆ. ಧೂಳೆಂದರೆ ಸೀನು ಬರುವುದರಿಂದ ಶಾಲೆಗಳಿಗೆ ಹೋಗುತ್ತಿರಲಿಲ್ಲ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ರಾಯಚೂರಿನ ಕೋಣೆಯಲ್ಲೇ ಕುಳಿತು ಇಡೀ ಜಿಲ್ಲೆಯ ಮಕ್ಕಳನ್ನು ಅರ್ಥ ಮಾಡಿಕೊಳ್ಳುತ್ತಿದ್ದರು.

ಆ ಹುಡುಗಿಯ ಸೊನ್ನೆ ನನ್ನನ್ನು ಬಿಡಲಿಲ್ಲ. ಮಕ್ಕಳನ್ನು ಅಳೆಯುವುದು ಸಾಕು, ಅವರು ಏನು ಮಾತಾಡುತ್ತಾರೆ ಎಂದು ಸುಮ್ಮನೆ ಕೇಳೋಣ ಎಂದು ನಾನು ತರಗತಿಯ ಮಾತುಕತೆಯ ಕಡೆ ಹೊರಳಿದ್ದು ಅಲ್ಲಿಂದ. ಕೇಳುವುದು ಸುಲಭದ ಕೆಲಸ ಎಂದುಕೊಂಡಿದ್ದೆ.

ಮೊದಲ ವರ್ಷದ ನನ್ನ ಕ್ಯಾಸೆಟ್ಟುಗಳನ್ನು ಈಗ ಯಾರಾದರೂ ಹಾಕಿ ಕೇಳಿದರೆ ಮಾನ್ವಿಯ ಅಕ್ಕಿ ಗಿರಣಿಯ ಬಗ್ಗೆ ಒಳ್ಳೆಯ ಸಂಶೋಧನೆ ಮಾಡಬಹುದು. ಶಾಲೆಯ ಗೋಡೆಗೆ ಹತ್ತಿಕೊಂಡೇ ಗಿರಣಿ. ಗಣಿತದ ಪಾಠ ಶುರುವಾಗುವ ಹೊತ್ತಿಗೆ ಸರಿಯಾಗಿ ಅದೂ ಶುರುವಾಗುತ್ತಿತ್ತು. ಕರೆಂಟು ಹೋದಾಗ ಮಾತ್ರ ಮಾಸ್ತರರ ದನಿ ಕೇಳುತ್ತಿತ್ತು, ಅಷ್ಟರಲ್ಲಿ ನನ್ನ ಬ್ಯಾಟರಿಯೂ ಇಳಿದಿರುತ್ತಿತ್ತು. ಇನ್ನು ಮಕ್ಕಳು ಸರದಿಯಲ್ಲಿ ಬಂದು ಮೈಕಿನೊಳಗೆ ಊದಿ, ತಮ್ಮ ಹೆಸರು, ಅಪ್ಪನ ಹೆಸರು, ಊರು ಹೇಳಿ ಹೋಗುತ್ತಿದ್ದರು. ಒಬ್ಬ ತನ್ನ ಎಮ್ಮೆಯ ಹೆಸರನ್ನೂ ಹೇಳಿದ್ದಾನೆ.

ಅದೇ ಶಾಲೆಯ ಗಣಿತದ ಮಾಸ್ತರರಿಗೆ ಅವರ ಪಾಠವನ್ನೇ ಕೇಳಿಸಿದ್ದು ನೆನಪಿದೆ. ನಮ್ಮ ಕಡೆಯ ತರಗತಿಗಳ ಒಂದು ರೂಢಿ ನಿಮಗೂ ಗೊತ್ತಿರುತ್ತದೆ. ಮಾಸ್ತರು ವಾಕ್ಯದ ಮುಕ್ಕಾಲು ಭಾಗ ತಾವೇ ಹೇಳಿ ಬಾಲವನ್ನು ಎಳೆಯುತ್ತಾರೆ, ಮಕ್ಕಳೆಲ್ಲ ಒಟ್ಟಿಗೆ ಆ ಬಾಲ ಹಿಡಿಯುತ್ತಾರೆ. “ತ್ರಿಕೋನಕ್ಕ ಎಷ್ಟು ಬಾಜು? ಮೂ...” ಎಂದರೆ “ರೂ” ಎಂದು ಚಾವಣಿ ಹಾರುವಂತೆ ಕೂಗು. ಆಮೇಲೆ “ತಿಳೀತಾ?” ಎಂದರೆ “ತಿಳೀತ್ರೀ” ಎಂದು ಇನ್ನೊಂದು ಕೂಗು. ಮಾಸ್ತರು ಟೇಪಿಗೆ ಕಿವಿಗೊಟ್ಟು ಕುಳಿತರು. ಸ್ವಲ್ಪ ಹೊತ್ತಾದ ಮೇಲೆ ಕನ್ನಡಕ ತೆಗೆದರು.

“ಮೇಡಂ, ಸವಾಲೂ ನಂದ, ಜವಾಬೂ ನಂದ. ಹುಡುಗುರು ಬರೇ ತಾಳ ಹಾಕಾಕತ್ತಾರಲ್ರೀ.”

“ಎಲ್ಲಾ ಕಡೆ ಹಂಗ ಅದ ರೀ ಸರ್.”

“ಇಷ್ಟು ವರ್ಷ ನಾ ಒಬ್ಬನ ಕಲತೀನಿ ಅನ್ರಿ ಹಂಗಾದ್ರ” ಎಂದು ಹೊಟ್ಟೆ ಕುಣಿಸಿ ನಕ್ಕರು. ಅವರಷ್ಟು ಹಗುರಾಗಿ ತಮ್ಮನ್ನೇ ಕೇಳಿಸಿಕೊಂಡವರನ್ನು ನಾನು ಮತ್ತೆ ಕಾಣಲಿಲ್ಲ. ಬಹಳ ಜನ “ಇದು ನನ್ನ ದನಿ ಅಲ್ಲ” ಎಂದು ಎದ್ದು ಹೋಗುತ್ತಿದ್ದರು.

ಟೇಪು ಹೋಗಿ ಬೆರಳುದ್ದದ ರೆಕಾರ್ಡರ್ ಬಂತು, ಅದೂ ಹೋಗಿ ಮೊಬೈಲ್ ಬಂತು. ಈಗ ಕಂಪ್ಯೂಟರೇ ಮಾತು ಕೇಳಿ ಬರೆದುಕೊಡುತ್ತದಂತೆ. ನಮ್ಮ ದೇವದುರ್ಗದ ಮಕ್ಕಳ ಮಾತು ಹಾಕಿದರೆ ಅರ್ಧ ಪುಟ ಖಾಲಿ ಬಿಡುತ್ತದೆ ಎಂದು ಹೊಸ ಹುಡುಗರು ಗೊಣಗುತ್ತಾರೆ. ಖಾಲಿ ಬಿಡುವುದೇ ವಾಸಿ. ತಿಳಿಯದ್ದನ್ನು ತಿಳಿದಂತೆ ತುಂಬಿಸಿದರೆ ಏನಾಗುತ್ತದೆ ಎಂಬುದಕ್ಕೆ ಶರಣಮ್ಮ ಟೀಚರ್ ಕತೆ ಹೇಳಬೇಕು.

ದೇವದುರ್ಗದಿಂದ ಗೂಗಲ್ ಎಂಬ ಊರಿನ ಕಡೆಗೆ ಹೋಗುವಾಗ, ಕೃಷ್ಣಾ ದಂಡೆಗೆ ಹತ್ತಿರದ ಹಳ್ಳಿಯೊಂದರ ಕಿರಿಯ ಶಾಲೆ. ಶರಣಮ್ಮ ಅಲ್ಲಿ ನಾಲ್ಕನೇ ತರಗತಿಯ ಟೀಚರ್. ಕಂಚಿನ ಕಂಠ, ಸಿಟ್ಟು ಮೂಗಿನ ತುದಿಯಲ್ಲಿ, ನಗುವೂ ಅಲ್ಲೇ. ನಾನು ಸೇವೆಯ ನಡುವಿನ ವರ್ಷಗಳಲ್ಲಿ ಅವರ ತರಗತಿಗೆ ಹೋದೆ. ಹೊರಗೆ ನಿಂತಾಗಲೇ ಆಶ್ಚರ್ಯವಾಯಿತು. ಒಳಗಿನಿಂದ ಕೂಗು ಬರುತ್ತಿರಲಿಲ್ಲ, ಮಾತು ಬರುತ್ತಿತ್ತು. ಮಳೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಮಕ್ಕಳು ಮಕ್ಕಳೇ ವಾದಕ್ಕಿಳಿದಿದ್ದರು.

“ಎಲ್ಲಾ ಹೊಳಿಗಿ ಹೋಗ್ತದ.”

“ಹಂಗಲ್ಲ ಕಾಕಾ. ಎಲ್ಲಾ ಹೊಳಿಗಿ ಹೋದ್ರ ನಮ್ಮ ಬಾವ್ಯಾಗ ನೀರು ಎಲ್ಲಿಂದ ಬರ್ತದ?”

“ತಾತ ಹೇಳಿದ್ದು ಖರೆ ಅದ. ನೆಲಾನೂ ಕುಡೀತದ.”

ಒಳಗೆ ಇಣುಕಿದರೆ ಕಾಕಾನೂ ಇಲ್ಲ, ತಾತನೂ ಇಲ್ಲ. ಇರುವುದೆಲ್ಲ ನಾಲ್ಕನೇ ತರಗತಿಯ ಮಕ್ಕಳೇ. ಬಸವರಾಜ ಎಂಬ ಹುಡುಗ, ಅಂಗಿಯ ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡವನು, ವಾವೆಯಲ್ಲಿ, ಅಂದರೆ ನೆಂಟಸ್ತಿಕೆಯ ಲೆಕ್ಕದಲ್ಲಿ, ಆ ತರಗತಿಯ ಅರ್ಧ ಮಕ್ಕಳಿಗೆ ತಾತ. ದೊಡ್ಡ ಮನೆತನದ ಕೊನೆಯ ಮಗನ ಕೊನೆಯ ಮಗ. ಇನ್ನೊಬ್ಬ ಕಾಕಾ, ಮತ್ತೊಬ್ಬಳು ಅತ್ತಿ. ರಕ್ತ ಸಂಬಂಧ ಇಲ್ಲದವರಿಗೂ ಊರು ಒಂದು ವಾವೆ ಕಟ್ಟಿಕೊಟ್ಟಿರುತ್ತದೆ.

ಊಟದ ಬಿಡುವಿನಲ್ಲಿ ಶರಣಮ್ಮ ಟೀಚರ್ ಹೇಳಿದರು.

“ಮೊದಲು ಯಾರೂ ಬಾಯಿ ಬಿಡ್ತಿದ್ದಿಲ್ರೀ ಮೇಡಂ. ಸಾಲ್ಯಾಗ ಹೆಸರು ಹಿಡದ ಕರೀಬೇಕಂತ ನಾನ ಕಾನೂನು ಮಾಡಿದ್ದೆ. ಒಂದಿನ ಬೋರಿಂಗ್ ಹತ್ರ ನೋಡ್ತೀನಿ, ಇವ ಹುಡುಗುರು ‘ಸುಳ್ಳು ಹೇಳಬ್ಯಾಡ ಕಾಕಾ, ಹಂಗಲ್ಲ ಅತ್ತಿ’ ಅಂತ ವಾದ ಮಾಡಾಕತ್ತಾವ. ಹೆಸರು ಹಿಡದು ನಿಂದು ತಪ್ಪು ಅಂದ್ರ ಜಗಳ ರೀ ಇಲ್ಲಿ. ಕಾಕಾ ನಿಂದು ತಪ್ಪು ಅಂದ್ರ ಅದು ಮನಿ ಮಾತು. ಮರುದಿನಾನ ನನ್ನ ಕಾನೂನು ತೆಗದೆ.”

ನಾನು ಚಪಾತಿ ಕೈಯಲ್ಲಿ ಹಿಡಿದು ಹಾಗೆಯೇ ಕುಳಿತೆ. ಮಕ್ಕಳು ಒಬ್ಬರ ಮಾತನ್ನೊಬ್ಬರು ಯಾಕೆ ಅಲ್ಲಗಳೆಯುವುದಿಲ್ಲ ಎಂದು ನಾವು ಎಷ್ಟೆಲ್ಲ ಪುಟ ಬರೆದಿದ್ದೆವು. ಆ ದಿನ ನನಗೆ ಆದ ಖುಷಿಗೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರಿಗೆಲ್ಲ ಮಿರ್ಚಿ ಭಜಿ ಕೊಡಿಸಿದೆ. ಅವರ ತರಗತಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿಯೊಬ್ಬಳಿದ್ದಳು. ಹಿಂದಿನ ವರ್ಷವಿಡೀ ಹಾಜರಿ ಹೇಳಲೂ ಬಾಯಿ ತೆರೆಯದವಳು ಈಗ ಎಲ್ಲರಿಗಿಂತ ಮುಂದೆ ಬಾಗಿ ಮಾತಾಡುತ್ತಿದ್ದಳು. ಅವಳನ್ನು ನೋಡುವುದಕ್ಕೇ ಮತ್ತೆ ಮತ್ತೆ ಹೋಗುತ್ತಿದ್ದೆ.

ಎಡವಟ್ಟಾಗಿದ್ದು ಆಮೇಲೆ. ರೆಕಾರ್ಡಾದ ಮಾತನ್ನು ಬರಹಕ್ಕೆ ಇಳಿಸಿದವನು ರಾಯಚೂರಿನ ಹುಡುಗ. ಕಾಕಾ, ತಾತ ಎಂದು ಕೇಳಿದ್ದನ್ನು ಹಾಗೆಯೇ ಬರೆದ. ಮಕ್ಕಳು ಮಕ್ಕಳನ್ನು ಹಾಗೆ ಕರೆಯುವುದು ಅವನಿಗೆ ಎಷ್ಟು ಸಹಜವೆಂದರೆ ಪಕ್ಕದಲ್ಲಿ ಒಂದು ವಿವರಣೆ ಬರೆಯಬೇಕೆಂದು ಹೊಳೆಯಲೇ ಇಲ್ಲ. ಯಾರು ಮಾತಾಡಿದರು, ಯಾವ ಬಗೆಯ ಮಾತು ಎಂದು ಗುರುತು ಹಾಕುವವರು ದೂರದ ದೊಡ್ಡ ನಗರದವರು. ಅವರಿಗೆ ಹೋಗಿದ್ದು ಕಾಗದ ಮಾತ್ರ, ದನಿ ಅಲ್ಲ. ತಾತ ಎಂದು ಇದ್ದಲ್ಲೆಲ್ಲ ಅವರು ‘ಊರಿನ ಹಿರಿಯರು’ ಎಂದು ಗುರುತು ಹಾಕಿದರು. ಆಮೇಲೆ ಅದು ವಿರುಪಾಕ್ಷಪ್ಪ ಸರ್ ಮೇಜಿಗೆ ಬಂತು. ಸರ್‌ಗೆ ತಲೆಬರಹ ಹೊಳೆಯಿತು: ‘ತರಗತಿಯಲ್ಲಿ ಸಮುದಾಯದ ಸಹಭಾಗಿತ್ವ: ದೇವದುರ್ಗದ ಅಜ್ಜಂದಿರ ಜಲಜ್ಞಾನ’. ನಾನು ಆಗ ಮಾನ್ವಿಯ ಶಾಲೆಗಳಲ್ಲಿ ಮುಳುಗಿದ್ದೆ. ನೋಡುವಷ್ಟರಲ್ಲಿ ವರದಿ ಅಚ್ಚಾಗಿ ಎಲ್ಲ ಕಡೆ ಹೋಗಿತ್ತು.

ಓದಿ ಮೊದಲು ನಕ್ಕೆ. ಒಬ್ಬಳೇ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ವಾರದೊಳಗೆ ಶರಣಮ್ಮ ಟೀಚರ್ ಫೋನ್ ಬಂತು.

“ಮೇಡಂ, ನನ್ನ ಕ್ಲಾಸಿನ್ಯಾಗ ಯಾವ ಮುದುಕರು ಬಂದು ಕುಂತಿದ್ರು ರೀ?”

“ಯಾಕ ಟೀಚರ್?”

“ಶಿಕ್ಷಣ ಇಲಾಖಿಯಿಂದ ನೋಟಿಸ್ ಬಂದದ. ಪಾಠದ ಹೊತ್ತಿನ್ಯಾಗ ಹೊರಗಿನ ಗಂಡಸರನ್ನ ಹುಡುಗುರ ನಡುವ ಯಾಕ ಬಿಟ್ರಿ ಅಂತ ಕೇಳ್ಯಾರ. ಸಾಹೇಬರು ಖುದ್ದು ನೋಡಾಕ ಬರ್ತಾರಂತ. ಊರಾಗ ಮಂದಿ ಏನೇನೋ ಮಾತಾಡಾಕತ್ತಾರ.” ದನಿ ನಡುಗುತ್ತಿತ್ತು. ಆ ಕಂಚಿನ ಕಂಠ ನಡುಗಿದ್ದನ್ನು ನಾನು ಅವತ್ತೇ ಕೇಳಿದ್ದು. “ನನಗ್ಯಾಕ ಬೇಕ್ರೀ ಇದು? ಸಾಹೇಬರು ಬಂದು ಒಂದು ಬೈಗಳ ಬೈದ್ರಂದ್ರ ಮುಗೀತು, ನಾಳಿಂದ ನಾನೂ ಬಾಲ ಎಳೀತೀನಿ, ಹುಡುಗುರು ಕೂಗ್ತಾವ. ಯಾರಿಗೂ ತ್ರಾಸಿಲ್ಲ.”

ನನ್ನ ನಗು ಹಾರಿಹೋಯಿತು. ಟೀಚರ್ ಹಾಗೆ ಮಾಡಿದರೆ ಆ ಮಕ್ಕಳು ಮತ್ತೆ ತಾಳ ಹಾಕುವುದಕ್ಕೆ ಹೋಗುತ್ತವೆ. ಹುಲಿಗೆಮ್ಮ ಮತ್ತೆ ಬಾಯಿ ಮುಚ್ಚುತ್ತಾಳೆ. ನೇರ ಸರ್ ಕೋಣೆಗೆ ಹೋದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು, ಬಹಳ ಯೋಚಿಸಿ, ಒಂದು ಉಪಾಯ ಹೇಳಿದರು.

“ವರದಿ ಅಂತೂ ಹೋಗಿಬಿಟ್ಟದ. ಈಗ ತಿದ್ದಿದ್ರ ನಗ್ತಾರ. ಅದರ ಬದ್ಲಿ ಸಾಹೇಬರು ಬರೋ ದಿನ ನಾಕು ಮಂದಿ ಹಿರಿಯರನ್ನ ಕ್ಲಾಸಿನ್ಯಾಗ ಕೂಡಿಸಿಬಿಡ್ರಿ. ಸುಗ್ಗಿ ಮುಗದದ, ಎಲ್ಲಾ ಖಾಲಿನ ಅದಾರ. ಊರಿನ ದೊಡ್ಡ ಮಂದಿನ ಕುಂತಿದ್ರ ಸಾಹೇಬರು ಏನಂತಾರ?”

ನನಗೆ ಸಿಟ್ಟು ನೆತ್ತಿಗೇರಿತು. “ಸರ್, ಮಕ್ಕಳು ಮಾತಾಡಿದ್ದಕ್ಕ ಮಕ್ಕಳಿಗೇ ಹೆಸರು ಬರ್ಲಿ” ಎಂದು ಹೇಳಿ ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಬಂದೆ. ಶರಣಮ್ಮ ಟೀಚರ್‌ಗೆ ಈ ಉಪಾಯ ಹೇಳಿದಾಗ ಅವರೂ ಸಿಟ್ಟಾದರು, ಆದರೆ ಬೇರೆ ಕಾರಣಕ್ಕೆ. “ನಾಕು ಮುದುಕರು ಬಂದ್ರ ಬೀಡಿ ವಾಸನಿ ಹೋಗಾಕ ಒಂದು ವಾರ ಬೇಕ್ರಿ” ಎಂದರು. ಸಿಟ್ಟಿನ ಜೊತೆ ಸ್ವಲ್ಪ ನಗುವೂ ಮರಳಿ ಬಂದದ್ದು ಕೇಳಿ ನನಗೆ ಜೀವ ಬಂದಂತಾಯಿತು.

ಸಾಹೇಬರು ಬಂದ ದಿನ ನಾನೂ ಹಾಜರಿದ್ದೆ. ನಿವೃತ್ತಿಗೆ ಹತ್ತಿರದ ವಯಸ್ಸು, ಕಪ್ಪಗೆ ಬಣ್ಣ ಹಚ್ಚಿದ ಕೂದಲು, ಇಸ್ತ್ರಿ ಮುರಿಯದ ಅಂಗಿ. ಜೀಪಿನಿಂದ ಇಳಿದವರು ಚಹಾ ಬೇಡವೆಂದರು, ಹೂವಿನ ಹಾರ ಬೇಡವೆಂದರು. ನೇರ ತರಗತಿಗೆ ನಡೆದರು.

“ಎಲ್ಲದಾರ ರೀ ಆ ಹಿರಿಯರು?”

ಶರಣಮ್ಮ ಟೀಚರ್ ಮಕ್ಕಳ ಕಡೆ ತಿರುಗಿದರು. “ತಾತಾ, ಎದ್ದು ನಿಂದ್ರಪ್ಪ.”

ಬಸವರಾಜ ಎದ್ದು ನಿಂತ. ಅಂದೂ ಗುಂಡಿ ತಪ್ಪಿತ್ತು. ನಾನು ಮುಂದೆ ಬಂದು ವಾವೆಯ ವಿಷಯ, ಕಾಗದದ ವಿಷಯ, ನಮ್ಮ ಸಂಶೋಧನೆಯ ಎಡವಟ್ಟು ಎಲ್ಲ ವಿವರಿಸಿದೆ. ಸಾಹೇಬರು ನಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ.

“ನೋಟಿಸ್ ಕೊಟ್ರ ಇಂಥಾ ಕತಿ ಕಟ್ಟತೀರೇನ್ರೀ? ಹುಡುಗ್ರು ಒಬ್ಬರಿಗೊಬ್ಬರು ತಾತ ಅನ್ನೋದು, ಅದನ್ನ ನೀವು ಕಲಿಸೋದು. ಇದು ಸಾಲಿನೋ ಚಾವಡಿನೋ? ಪಾಠ ಮಾಡ್ರಿ, ನೋಡ್ತೀನಿ.” ಕುರ್ಚಿ ತಂದಿಟ್ಟರೂ ಕೂರದೆ ಕೈ ಕಟ್ಟಿ ನಿಂತರು.

ಶರಣಮ್ಮ ಟೀಚರ್ ನನ್ನ ಕಡೆ ನೋಡಿದರು. ಏನು ಯೋಚಿಸುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಬಾಲ ಎಳೆದರೆ ಸಾಕು. ಮಕ್ಕಳು ಒಂದೇ ದನಿಯಲ್ಲಿ ಕೂಗುತ್ತಾರೆ, ಶಿಸ್ತು ಕಾಣುತ್ತದೆ, ಸಾಹೇಬರು ಹೋಗುತ್ತಾರೆ, ನೋಟಿಸೂ ಹೋಗುತ್ತದೆ. ಅವರಿಗೆ ಮನೆ ಇದೆ, ನೌಕರಿ ಬೇಕು. ಹಾಗೆ ಮಾಡಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಅವರು ಹಲಗೆಯ ಕಡೆ ತಿರುಗಿದರು, ಸುಣ್ಣದ ಬಳಪ ಕೈಯಲ್ಲೇ ಉಳಿಯಿತು, ಮತ್ತೆ ಮಕ್ಕಳ ಕಡೆ ತಿರುಗಿದರು.

“ಹೊಳ್ಯಾಗ ಕೆಲವು ತೇಲ್ತಾವ, ಕೆಲವು ಮುಳಗ್ತಾವ. ಯಾಕ?”

ಕೇಳಿ ಸುಮ್ಮನಾದರು. ಮಕ್ಕಳೂ ಸುಮ್ಮನೆ. ಹೊಸ ಮನುಷ್ಯ, ಬೂಟುಗಾಲು, ಸಿಡುಕು ಮುಖ. ಹೊರಗೆ ಜೀಪಿನ ಡ್ರೈವರ್ ಕೆಮ್ಮಿದ್ದು ಕೇಳಿತು. ಶಿಕ್ಷಕರು ಕೇಳಿದ ಪ್ರಶ್ನೆಯ ನಂತರದ ಮೌನದ ಮೇಲೆ ನಾನು ಎಷ್ಟು ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಅಂಥ ಮೌನ ಎಷ್ಟು ಭಾರ ಇರುತ್ತದೆ ಎಂದು ಅವತ್ತು ಗೊತ್ತಾಯಿತು. ಸಾಹೇಬರಿಗೂ ತಡೆಯಲಾಗಲಿಲ್ಲ.

“ಏನ್ ಅಷ್ಟು ಯೋಚನಾ ಮಾಡ್ತೀರಿ? ಹಗುರ ಇದ್ದದ್ದು ತೇಲ್ತದ, ಭಾರ ಇದ್ದದ್ದು ಮುಳಗ್ತದ. ಮುಗೀತು. ತಿಳೀತಾ?”

ಇಡೀ ತರಗತಿ “ತಿಳೀತ್ರೀ” ಎಂದು ಕೂಗಲು ಬಾಯಿ ತೆರೆಯಿತು ಎಂದೇ ನನಗೆ ಅನ್ನಿಸಿತು. ಅದಕ್ಕೆ ಮೊದಲು ಎರಡನೇ ಸಾಲಿನಿಂದ ಹುಲಿಗೆಮ್ಮ ಮುಂದೆ ಬಾಗಿದಳು.

“ಹಂಗಲ್ಲ ತಾತ.”

ಸಾಹೇಬರು ಅವಳ ಕಡೆ ತಿರುಗಿದರು. ಅವಳು ಹೇಳುತ್ತಲೇ ಇದ್ದಳು.

“ನಮ್ಮಪ್ಪನ ಹರಗೋಲು ಭಾರ ಅದ, ಮಂದಿ ತುಂಬಿದ್ರೂ ತೇಲ್ತದ. ನಮ್ಮವ್ವನ ಸೂಜಿ ಹಗುರ ಅದ, ಹೊಳ್ಯಾಗ ಬಿದ್ರ ಸಿಗಂಗಿಲ್ಲ.”

ಶರಣಮ್ಮ ಟೀಚರ್ ಕಣ್ಣು ಮುಚ್ಚಿದ್ದರು. ಮುಗಿಯಿತು, ಇನ್ನು ಈ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ ಎಂದುಕೊಂಡೆ. ಸಾಹೇಬರ ಕೈ ತಾನಾಗಿ ಅವರ ಕಪ್ಪು ಕೂದಲಿನ ಮೇಲೆ ಹೋಯಿತು, ಒಮ್ಮೆ ಸವರಿ ಕೆಳಗಿಳಿಯಿತು. ಆಮೇಲೆ ಬಿಟ್ಟಿದ್ದ ಕುರ್ಚಿಯನ್ನು ಎಳೆದುಕೊಂಡು, ಹುಲಿಗೆಮ್ಮನ ಎತ್ತರಕ್ಕೆ ಬರುವಂತೆ ಬಾಗಿ ಕುಳಿತರು.

“ಹಂಗಾದ್ರ ಹೆಂಗವ್ವ ಮೊಮ್ಮಗಳ? ನೀನ ಹೇಳು.”

ಅವಳಿಗೆ ಗೊತ್ತಿರಲಿಲ್ಲ. ಬಸವರಾಜ ತಾತನಿಗೆ ಸ್ವಲ್ಪ ಗೊತ್ತಿತ್ತು. ಹರಗೋಲು ಒಳಗೆ ಟೊಳ್ಳು ಇರುತ್ತದೆ ಎಂದ. ಟೊಳ್ಳು ಕೊಡವೂ ನೀರು ತುಂಬಿದರೆ ಮುಳುಗುತ್ತದೆ ಎಂದು ಕಾಕಾ ಅದನ್ನು ಕತ್ತರಿಸಿದ. ಊಟದ ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಅಡುಗೆಯ ಅಮ್ಮ ಬಾಗಿಲಿಗೆ ಬಂದು, ಅನ್ನ ಆರುತ್ತದೆ ಎಂದು ಜಗಳ ಮಾಡಿದ ಮೇಲೆ ಸಾಹೇಬರು ಎದ್ದರು.

ಜೀಪಿನ ತನಕ ನಾವಿಬ್ಬರೂ ಹಿಂದೆ ಹಿಂದೆ ಹೋದೆವು. ಶರಣಮ್ಮ ಟೀಚರ್ ಧೈರ್ಯ ಮಾಡಿ ಕೇಳಿದರು.

“ಸರ್, ಆ ನೋಟಿಸಿಗೆ ಏನಂತ ಉತ್ತರ ಬರೀಲ್ರೀ?”

ಸಾಹೇಬರು ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಿಟಕಿಯಲ್ಲಿ ತುಂಬಿಕೊಂಡು ನಿಂತಿದ್ದ ಮಕ್ಕಳನ್ನು ನೋಡಿದರು.

“ಕ್ಲಾಸಿನ್ಯಾಗ ಹೊರಗಿನವರು ಯಾರೂ ಬಂದಿಲ್ಲ ಅಂತ ಬರೀರಿ” ಎಂದರು. “ನನ್ನನ್ನೂ ಹಿಡದು.”